ಮೆಸಾನೂ ಕೋಲಾರದ ಗಣಿಯೂ

ಹೊಸಕೋಟೆಗೆ ಚರಿತ್ರೆಯಲ್ಲಿ ಒಂದು ಸ್ಥಾನವಿದೆ. 1768ನೆಯ ಇಸವಿ ಆಗಸ್ಟ್ ತಿಂಗಳಿನ ಒಂದು ರಾತ್ರಿ ಹೈದರಾಲಿಯ ಸೈನ್ಯ ಅಲ್ಲಿ ಬೀಡುಬಿಟ್ಟಿದ್ದ ಮುರಾರಿರಾಯನ ಪಾಳೆಯದ ಮೇಲೆ ಬಿದ್ದಿತು. ಆ ಕಾಳಗದ ಸುದ್ದಿಯನ್ನು ಇಂಗ್ಲಿಷರೂ ಬರೆದಿಟ್ಟಿದ್ದಾರೆ. ಅದೇ ತಾಲ್ಲೂಕಿನ ನಮ್ಮ ಸಮೇತನಹಳ್ಳಿಗೆ ಅಂಥ ಭಾಗ್ಯವಿಲ್ಲ. ಚರಿತ್ರೆಯ ದೊಡ್ಡ ಪುಸ್ತಕಗಳಲ್ಲಿ ಅದಕ್ಕೆ ಒಂದು ಅಧ್ಯಾಯವಿರಲಿ, ಒಂದು ಪುಟವೂ ಇಲ್ಲ. ರಾಗಿ ಬೆಳೆದವರು, ರೇಷ್ಮೆ ಸಾಕಿದವರು, ಸಂತೆಗೆ ಹೋಗಿ ಬಂದವರು, ಈಚೆಗೆ ವೈಟ್‌ಫೀಲ್ಡಿನ ಕಚೇರಿಗಳಿಗೆ ಬೆಳಗಾಗೆದ್ದು ಓಡುವವರು, ಇವರೇ ಅದರ ಚರಿತ್ರೆ.

ಚರಿತ್ರೆಯ ಸ್ವಭಾವವೇ ಹೀಗೆ. ಇಬ್ಬರು ತಾಗಿದರೆ ಅದು ಬರೆದುಕೊಳ್ಳುತ್ತದೆ. ತಾಗದೆ ಹಾದುಹೋದರೆ ಲೇಖನಿಯನ್ನು ಕೆಳಗಿಟ್ಟುಬಿಡುತ್ತದೆ. ಆದರೆ ತಾಗದೆ ಹಾದುಹೋದವರೂ ಒಮ್ಮೊಮ್ಮೆ ಗುರುತು ಬಿಟ್ಟು ಹೋಗುತ್ತಾರೆ. ಈ ಮಾತನ್ನು ನನಗೆ ಮನದಟ್ಟು ಮಾಡಿಕೊಟ್ಟದ್ದು ಕಾವ್ಯವಲ್ಲ, ಶಾಸನವಲ್ಲ; ನಾನು ಕಾಲೇಜಿನಲ್ಲಿ ಪಾಠ ಹೇಳುವ ವಿಷಯಕ್ಕೆ ಬಹು ದೂರದ್ದಾದ ಭೌತಶಾಸ್ತ್ರ. ಕನ್ನಡದ ಮೇಷ್ಟರಿಗೆ ಇದರ ಗೊಡವೆ ಏಕೆಂದು ವಾಚಕರು ಕೇಳಬಹುದು. ನಮ್ಮೂರಿನಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ಬೆಂಗಳೂರು, ಪೂರ್ವಕ್ಕೆ ನೋಡಿದರೆ ಕೋಲಾರದ ಸೀಮೆ. ಈ ಎರಡರ ನಡುವೆ ಮೆಸಾನ್ ಎಂಬ ಅತಿಸೂಕ್ಷ್ಮ ಕಣದ ಕಥೆಯೊಂದು ಐದು ದಶಕಗಳಿಗೂ ಹೆಚ್ಚು ಕಾಲ ಓಡಾಡಿದೆ. ನಮ್ಮ ಮನೆಯ ಮುಂದೆಯೇ ಹಾದುಹೋದ ಮೆರವಣಿಗೆಯನ್ನು ಯಾರದೆಂದು ವಿಚಾರಿಸಿದರೆ ತಪ್ಪೇನಿದೆ?

ಕಥೆ ಆರಂಭವಾಗುವುದು ಒಂದು ಶಬ್ದದಿಂದ. ಆದ್ದರಿಂದ ಮೊದಲ ಭಾಗವಾದರೂ ನನ್ನ ಅಧಿಕಾರದಲ್ಲಿದೆ ಎನ್ನಬಹುದು. 1935ರಲ್ಲಿ ಜಪಾನಿನ ಹಿಡೆಕಿ ಯುಕಾವಾ ಒಂದು ಊಹೆಯನ್ನು ಮುಂದಿಟ್ಟರು. ಪರಮಾಣುವಿನ ಬೀಜದಲ್ಲಿ ಪ್ರೋಟಾನುಗಳೂ ನ್ಯೂಟ್ರಾನುಗಳೂ ಒತ್ತಿಕೊಂಡು ಕುಳಿತಿವೆ. ಅವುಗಳನ್ನು ಬಿಗಿದು ಕಟ್ಟಿರುವ ಬಲವನ್ನು ಹೊತ್ತು ತಿರುಗುವ ಒಂದು ಕಣ ಇರಬೇಕು. ಅದರ ತೂಕ ಎಲೆಕ್ಟ್ರಾನಿಗಿಂತ ಬಹಳ ಹೆಚ್ಚು, ಪ್ರೋಟಾನಿಗಿಂತ ಕಡಮೆ. ಎರಡು ವರ್ಷ ಕಳೆಯುವುದರೊಳಗೆ ಅಮೆರಿಕದ ಆಂಡರ್ಸನ್ ಮತ್ತು ನೆಡರ್ಮಯರ್ ಅವರು ಆಕಾಶದಿಂದ ಸುರಿಯುವ ವಿಶ್ವಕಿರಣಗಳಲ್ಲಿ ಇಂಥ ನಡುತೂಕದ ಕಣವನ್ನು ಕಂಡರು. ಅದಕ್ಕೆ ‘ಮೆಸೊಟ್ರಾನ್’ ಎಂದು ಹೆಸರಾಯಿತು. ಗ್ರೀಕಿನ ‘ಮೆಸೊಸ್’ ಎಂದರೆ ನಡುವಿನದು. ನಮ್ಮ ‘ಮಧ್ಯ’ ಶಬ್ದದ ದಾಯಾದಿಯೇ ಅದು.

ಆಗ ಕೇಂಬ್ರಿಜ್ಜಿನಲ್ಲಿ ಹೋಮಿ ಜಹಾಂಗೀರ್ ಭಾಭಾ ಎಂಬ ಮೂವತ್ತು ತುಂಬದ ತರುಣರು ಸಂಶೋಧನೆ ನಡೆಸುತ್ತಿದ್ದರು. 1939ರ ಫೆಬ್ರವರಿಯಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರದೊಂದು ಸಣ್ಣ ಬರಹ ಅಚ್ಚಾಯಿತು. ಅದರಲ್ಲಿ ಅವರು ಈ ಹೆಸರಿನ ಬಗೆಗೆ ವ್ಯಾಕರಣದ ಒಂದು ಆಕ್ಷೇಪವನ್ನು ಎತ್ತಿದರು. ‘ಎಲೆಕ್ಟ್ರಾನ್’ ಶಬ್ದದಲ್ಲಿರುವ ‘ಟ್ರ’ ಎಂಬುದು ಪ್ರತ್ಯಯದ ಭಾಗವಲ್ಲ. ಅಂಬರು ಎಂಬ ಅರ್ಥದ ಗ್ರೀಕ್ ಮೂಲಪದಕ್ಕೇ ಸೇರಿದ್ದು. ‘ಮೆಸೊಸ್’ ಪದದಲ್ಲಿ ಆ ‘ಟ್ರ’ ಎಲ್ಲಿಯೂ ಇಲ್ಲ. ಹಾಗಿದ್ದ ಮೇಲೆ ಇಲ್ಲದ್ದನ್ನು ಏಕೆ ತುರುಕಬೇಕು? ‘ಮೆಸಾನ್’ ಎಂದರೆ ಸಾಕು. ತರಗತಿಯಲ್ಲಿ ‘ಮಳೆಗಾಲ’ವನ್ನು ಬಿಡಿಸಿ ಬರೆಯಿರೆಂದರೆ ‘ಮಳೆ’, ‘ಗಾಲ’ ಎಂದು ಬರೆಯುವ ಹುಡುಗರು ಪ್ರತಿ ವರ್ಷವೂ ಇಬ್ಬರು ಮೂವರು ಇದ್ದೇ ಇರುತ್ತಾರೆ. ಕೇಂಬ್ರಿಜ್ಜಿನ ಪಂಡಿತರಿಗೂ ಅದೇ ಪಾಠವನ್ನು ಹೇಳಬೇಕಾಯಿತೆಂದು ತಿಳಿದಾಗ ನನಗೆ ಸಣ್ಣದೊಂದು ಸಮಾಧಾನವಾಯಿತು. ಭಾಭಾ ಅವರ ತಿದ್ದುಪಡಿ ಲೋಕಕ್ಕೆ ಒಪ್ಪಿಗೆಯಾಯಿತು. ಇಂದಿಗೂ ಅದೇ ಹೆಸರು.

ಹೆಸರಿನ ಮಾತು ಇಷ್ಟಾಯಿತು. ಕಣದ ಗುಣಗಳನ್ನು ಕುರಿತೂ ಭಾಭಾ ಅವರು ಮೂರು ಮುಖ್ಯ ಸಂಗತಿಗಳನ್ನು ಬರೆದಿದ್ದರು. ವಿದ್ಯುತ್ತನ್ನು ಹೊತ್ತ ಎರಡು ಕಣಗಳು ಮಹಾವೇಗದಿಂದ ಒಂದರ ಪಕ್ಕದಲ್ಲಿ ಒಂದು ಹಾದುಹೋದಾಗ ನಡುವಿನ ಬಯಲಿನಲ್ಲಿ ಹೊಸ ಎಲೆಕ್ಟ್ರಾನ್ ಜೋಡಿಗಳು ಹೇಗೆ ಹುಟ್ಟಬಲ್ಲವೆಂದು 1935ರಲ್ಲಿ ಗಣಿತ ಮಾಡಿ ತೋರಿಸಿದರು. ಮೆಸಾನಿನ ಆಯುಷ್ಯವನ್ನು ಐನ್‌ಸ್ಟೈನರ ಸಾಪೇಕ್ಷ ಸಿದ್ಧಾಂತದಂತೆ ಲೆಕ್ಕ ಹಾಕಬೇಕು, ವೇಗವಾಗಿ ಓಡುವ ಮೆಸಾನಿಗೆ ನಮ್ಮ ಗಡಿಯಾರದಲ್ಲಿ ಆಯುಸ್ಸು ಹೆಚ್ಚು ಎಂದು 1938ರಲ್ಲಿ ತಿಳಿಸಿದರು. ಅದೇ ವರ್ಷ, ಬೇರೆ ಕೆಲವರಂತೆ ಅವರೂ ಮೆಸಾನು ಬೆಳಕಿನ ಕಣವಾದ ಫೋಟಾನಿನ ಹಾಗೆ ತನ್ನಲ್ಲಿಯೇ ಒಂದು ಮಾನದ ಭ್ರಮಣವುಳ್ಳ ‘ವೆಕ್ಟರ್’ ಜಾತಿಯ ಕಣವೆಂದು ಭಾವಿಸಿ ಸಿದ್ಧಾಂತವನ್ನು ಹೆಣೆದರು. ಯುಕಾವಾ ಅವರ ಕಣ ಆ ಜಾತಿಯದಲ್ಲವೆಂದು ಆಮೇಲೆ ಗೊತ್ತಾಯಿತು. ಆದರೆ ವೆಕ್ಟರ್ ಮೆಸಾನುಗಳು ಪ್ರಕೃತಿಯಲ್ಲಿ ಇದ್ದೇ ಇದ್ದವು. 1961ರಲ್ಲಿ ‘ರೋ’ ಎಂಬ ಮೆಸಾನ್ ಸಿಕ್ಕಿತು. ಈ ಮೂರು ಸಂಗತಿಗಳನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ಕಡೆಯಲ್ಲಿ ಮೂರೂ ಒಂದೆಡೆ ಸೇರುತ್ತವೆ.

1939ರಲ್ಲಿ ಭಾಭಾ ಅವರು ರಜೆ ಕಳೆಯಲು ಭಾರತಕ್ಕೆ ಬಂದರು. ಸೆಪ್ಟೆಂಬರಿನಲ್ಲಿ ಯೂರೋಪಿನಲ್ಲಿ ಯುದ್ಧ ಹೊತ್ತಿಕೊಂಡಿತು. ಹಿಂದಿರುಗುವ ದಾರಿ ಮುಚ್ಚಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಸಿ. ವಿ. ರಾಮನ್ ಅವರು ಭೌತಶಾಸ್ತ್ರದ ವಿಭಾಗಕ್ಕೆ ಮುಖ್ಯರಾಗಿದ್ದರು. ಭಾಭಾ ಅಲ್ಲಿ ರೀಡರ್ ಆಗಿ ಸೇರಿಕೊಂಡರು. 1941ರಲ್ಲಿ ರಾಯಲ್ ಸೊಸೈಟಿಯ ಫೆಲೋ ಆದದ್ದು ಬೆಂಗಳೂರಿನಲ್ಲಿದ್ದಾಗಲೇ. ಅದೇ ಕಾಲದಲ್ಲಿ ಅಲ್ಲಿಯೇ ವಿಕ್ರಮ್ ಸಾರಾಭಾಯಿ ಎಂಬ ಇನ್ನೊಬ್ಬ ತರುಣರು ವಿಶ್ವಕಿರಣಗಳನ್ನು ಎಣಿಸುತ್ತಿದ್ದರು. ಅವರ ಮೊದಲ ಲೇಖನ 1942ರಲ್ಲಿ ಪ್ರಕಟವಾಯಿತು. ಮುಂದೆ ಒಬ್ಬರು ಅಣುಶಕ್ತಿಗೆ, ಒಬ್ಬರು ಅಂತರಿಕ್ಷಕ್ಕೆ ದೇಶವನ್ನು ಕೈಹಿಡಿದು ನಡೆಸಿದರು. ಯುದ್ಧದ ಕಾಲದ ಬೆಂಗಳೂರಿನ ಒಂದೇ ಆವರಣದಲ್ಲಿ ಇಬ್ಬರೂ ಆಕಾಶಕ್ಕೆ ಕಿವಿಗೊಟ್ಟು ಕುಳಿತಿದ್ದರು.

ಆಕಾಶಕ್ಕೆ ಕಿವಿಗೊಡಲು ಬೆಂಗಳೂರೇ ಏಕೆ? ಅದಕ್ಕೆ ಭೂಗೋಳದ ಕಾರಣವೊಂದಿದೆ. ಭೂಮಿ ಒಂದು ದೊಡ್ಡ ಅಯಸ್ಕಾಂತವಷ್ಟೆ. ಹೊರಗಿನಿಂದ ಬರುವ ವಿದ್ಯುತ್ಕಣಗಳನ್ನು ಅದು ತಿರುಗಿಸಿಬಿಡುತ್ತದೆ. ಈ ತಡೆ ಬಲವಾಗಿರುವುದು ಅಯಸ್ಕಾಂತದ ನಡುಗೆರೆಯ ಹತ್ತಿರ. ಆ ಗೆರೆ ದಕ್ಷಿಣ ಭಾರತದ ಮೇಲೆ ಹಾದುಹೋಗುತ್ತದೆ. ಹಾಗಾಗಿ ನಮ್ಮ ಸೀಮೆಯ ಮೇಲೆ ಬೀಳುವ ವಿಶ್ವಕಿರಣ ಜರಡಿ ಹಿಡಿದ ಕಾಳಿನಂತೆ. ಮಹಾಶಕ್ತಿಯುಳ್ಳವು ಮಾತ್ರ ಒಳಗೆ ಬರುತ್ತವೆ. ಇದನ್ನು ಪರೀಕ್ಷಿಸಲೆಂದೇ ಅಮೆರಿಕದ ನೊಬೆಲ್ ಪುರಸ್ಕೃತ ರಾಬರ್ಟ್ ಮಿಲಿಕನ್ ಅವರು ನೀಹರ್ ಮತ್ತು ಪಿಕರಿಂಗ್ ಅವರೊಡನೆ 1939–40ರ ಚಳಿಗಾಲದಲ್ಲಿ ಭಾರತಕ್ಕೆ ಬಂದು ಪೇಶಾವರ, ಆಗ್ರಾ, ಬೆಂಗಳೂರುಗಳಿಂದ ಉಪಕರಣ ಕಟ್ಟಿದ ಬಲೂನುಗಳನ್ನು ಹಾರಿಸಿದರು. ಆಮೇಲೆ ಯುದ್ಧ ಮುಗಿಯುವ ಹೊತ್ತಿಗೆ ಭಾಭಾ ಅವರೂ ಜೊತೆಗಾರರೂ ಬೆಂಗಳೂರಿನಲ್ಲಿ ನೆಲೆಸಿದ್ದ ಅಮೆರಿಕದ ವಾಯುಪಡೆಯ ವಿಮಾನಗಳಲ್ಲಿ ತಮ್ಮ ಎಣಿಕೆಯ ಯಂತ್ರಗಳನ್ನಿಟ್ಟು ಸುಮಾರು 30,000 ಅಡಿ ಎತ್ತರದವರೆಗೆ ಮೆಸಾನುಗಳನ್ನು ಅಳೆದರು. ನೇಗಿಲ ಹಿಂದೆ ನಡೆಯುತ್ತಿದ್ದ ನಮ್ಮ ಹಿರಿಯರು ತಲೆಯೆತ್ತಿ ಆ ವಿಮಾನಗಳನ್ನು ನೋಡಿರಲೂಬಹುದು. ಯುದ್ಧದ ಸಾಮಾನಿನ ನಡುವೆ ಮೆಸಾನಿನ ಲೆಕ್ಕದ ಪೆಟ್ಟಿಗೆಯೂ ಇದ್ದೀತೆಂದು ಅವರಿಗೆ ಹೇಳುವವರು ಯಾರು?

1944ರ ಮಾರ್ಚ್ 12ರಂದು ಭಾಭಾ ಅವರು ದೊರಾಬ್ಜಿ ಟಾಟಾ ಟ್ರಸ್ಟಿಗೆ ಒಂದು ಪತ್ರ ಬರೆದರು. ಮೂಲಭೂತ ವಿಜ್ಞಾನಕ್ಕೆಂದೇ ಒಂದು ಸಂಸ್ಥೆ ಬೇಕು ಎಂಬುದು ಅದರ ತಾತ್ಪರ್ಯ. ಆ ಸಂಸ್ಥೆ 1945ರ ಜೂನ್ 1ರಂದು ಕೆಲಸ ಆರಂಭಿಸಿದ್ದು ಬೆಂಗಳೂರಿನ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ. ಆರು ತಿಂಗಳು ಕಳೆದು ಡಿಸೆಂಬರ್ ಬಂದಾಗ ಅದು ಮುಂಬಯಿಗೆ ಹೊರಟುಹೋಯಿತು. ತವರಿನಲ್ಲಿ ಹೆರಿಗೆಯಾಗಿ ಮಗು ಗಂಡನ ಮನೆ ಸೇರಿದಂತಾಯಿತು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ ಎಂದರೆ ಇಂದು ಎಲ್ಲರಿಗೂ ಮುಂಬಯಿಯೇ ನೆನಪಿಗೆ ಬರುತ್ತದೆ. ಬಾಣಂತಿತನದ ಆರು ತಿಂಗಳು ಯಾರಿಗೂ ನೆನಪಿಲ್ಲ.

ಮಗು ದೂರ ಹೋಯಿತು. ಆದರೆ ಮೆಸಾನಿನ ಕೆಲಸ ಮತ್ತೆ ನಮ್ಮ ಸೀಮೆಗೇ ಬಂದಿತು. ಈ ಸಲ ಅದು ಆಕಾಶವನ್ನು ಬಿಟ್ಟು ನೆಲದೊಳಕ್ಕೆ ಇಳಿಯಿತು.

ಆಕಾಶದಿಂದ ಬರುವ ಮೆಸಾನುಗಳ ವಿಚಿತ್ರವೆಂದರೆ ಅವು ಗೋಡೆಯನ್ನು ಲೆಕ್ಕಿಸುವುದಿಲ್ಲ. ಅಂಗೈ ಚಾಚಿ ಹಿಡಿದರೆ ನಿಮಿಷಕ್ಕೆ ನೂರರಷ್ಟು ಅದರ ಮೂಲಕ ಹಾದುಹೋಗುತ್ತವೆ; ನಮಗೆ ತಿಳಿಯುವುದೇ ಇಲ್ಲ. ಮೆಸಾನುಗಳಲ್ಲಿ ಎರಡು ಬಗೆಯುಂಟೆಂದು 1947ರಲ್ಲಿ ಪೊವೆಲ್ ಮತ್ತು ಅವರ ಸಂಗಡಿಗರು ತೋರಿಸಿದರು. ಬೀಜದ ಬಲಕ್ಕೆ ಸೇರಿದ್ದು ಪೈ ಮೆಸಾನ್. ಅದು ಸತ್ತಾಗ ಹುಟ್ಟಿ ನೆಲಕ್ಕೆ ಬರುವುದು ಮ್ಯು ಮೆಸಾನ್. ಎರಡನೆಯದಕ್ಕೆ ಬೀಜದ ಬಲದ ಸೋಂಕೇ ಇಲ್ಲವೆಂದು ತಿಳಿದ ಮೇಲೆ ಅದನ್ನು ಮೆಸಾನಿನ ಕುಲದಿಂದ ಹೊರಹಾಕಿ ‘ಮ್ಯುಯಾನ್’ ಎಂದು ಕರೆದರು. ಹೆಸರನ್ನು ಮೊದಲು ಪಡೆದವನೇ ಮನೆಯಿಂದ ಹೊರಬಿದ್ದ! ಆ ಮ್ಯುಯಾನು ನೆಲದೊಳಕ್ಕೆ ಎಷ್ಟು ದೂರ ಇಳಿಯುತ್ತದೆ? ಇದನ್ನು ಅಳೆಯಲು ಆಳವಾದ ಗುಂಡಿ ಬೇಕು. ಲೋಕದಲ್ಲಿ ಅತ್ಯಂತ ಆಳವಾದ ಗುಂಡಿಗಳಲ್ಲಿ ಒಂದು ಬೆಂಗಳೂರಿನಿಂದ ನೂರು ಕಿಲೋಮೀಟರಿನೊಳಗೇ ಇತ್ತು.

ಕೋಲಾರದ ಚಿನ್ನದ ಗಣಿಯ ಕಥೆಯನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. 1880ರ ಹೊತ್ತಿಗೆ ಜಾನ್ ಟೇಲರ್ ಕಂಪೆನಿ ಬಂದದ್ದು, 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಹರಿದದ್ದು, ಬೌರಿಂಗ್‌ಪೇಟೆ ಬಂಗಾರಪೇಟೆಯಾದದ್ದು, ತಮಿಳು ತೆಲುಗು ಸೀಮೆಗಳಿಂದ ಸಾವಿರಾರು ಸಂಸಾರಗಳು ಬಂದು ಲೈನ್ ಮನೆಗಳಲ್ಲಿ ನೆಲೆಸಿದ್ದು, ಇವೆಲ್ಲ ಪರಿಚಿತ. ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗೂ ಆಳ. ಅಲ್ಲಿಯ ಬಂಡೆಯ ಬಿಸಿ ಮುಟ್ಟಿದರೆ ಕೈ ಹಿಂದೆಗೆಯುವಂಥದು. ಬಂಡೆ ಒತ್ತಡ ತಾಳದೆ ಸಿಡಿದಾಗ ಎಷ್ಟೋ ಮಂದಿ ಕೇಜಿನಲ್ಲಿ ಇಳಿದವರು ಏರಿ ಬರಲಿಲ್ಲ.

1951ರಲ್ಲಿ ಈ ಗಣಿಗೆ ಎಣಿಕೆಯ ಯಂತ್ರಗಳನ್ನು ಹೊತ್ತುಕೊಂಡು ಇಳಿದವರು ಬಿ. ವಿ. ಶ್ರೀಕಂಠನ್. 1925ರಲ್ಲಿ ನಂಜನಗೂಡಿನಲ್ಲಿ ಹುಟ್ಟಿ, ಬೆಂಗಳೂರಿನ ಇನ್‌ಸ್ಟಿಟ್ಯೂಟಿನಲ್ಲಿ ಓದಿ, 1948ರಲ್ಲಿ ಭಾಭಾ ಅವರ ಸಂಸ್ಥೆಯನ್ನು ಸೇರಿದ್ದ ಕನ್ನಡಿಗರು. ಭಾಭಾ ಅವರ ಸೂಚನೆಯಂತೆ ಅವರು ಆರಂಭಿಸಿದ ಕೆಲಸ ವರ್ಷದಿಂದ ವರ್ಷಕ್ಕೆ ಕೆಳಗಿಳಿಯುತ್ತ ಹೋಯಿತು. ಎಂ. ಜಿ. ಕೆ. ಮೆನನ್, ಪಿ. ವಿ. ರಮಣಮೂರ್ತಿ, ಜಪಾನಿನ ಒಸಾಕಾ ನಗರದ ವಿಶ್ವವಿದ್ಯಾನಿಲಯದ ಮಿಯಾಕೆ ಮೊದಲಾದವರು ಜೊತೆಗೂಡಿದರು. ಒಂದೊಂದು ಮಟ್ಟ ಇಳಿದಂತೆಲ್ಲ ಮ್ಯುಯಾನುಗಳ ಎಣಿಕೆ ಕಡಮೆಯಾಯಿತು. ಕಡೆಗೆ 1960ರ ದಶಕದ ಮೊದಲಲ್ಲಿ 2,760 ಮೀಟರ್ ಆಳದಲ್ಲಿ ಯಂತ್ರವನ್ನಿಟ್ಟು ಸುಮಾರು ಎರಡು ತಿಂಗಳು ಕಾದರು. ಒಂದು ಮ್ಯುಯಾನೂ ಬರಲಿಲ್ಲ.

ಕಾದು ಕುಳಿತವನಿಗೆ ಏನೂ ಬಾರದಿದ್ದರೆ ಅದು ಸೋಲು ಎನ್ನುತ್ತೇವೆ. ಇವರು ಹಾಗೆನ್ನಲಿಲ್ಲ. ಆ ಮೌನವೇ ಅವರಿಗೆ ಬೇಕಾಗಿತ್ತು. ಸಂತೆಯ ನಡುವೆ ಗುಸುಗುಸು ಕೇಳಿಸದು. ಸಂತೆ ಪೂರ್ಣವಾಗಿ ಚದರಿಹೋದ ಜಾಗ ಸಿಕ್ಕಿದರೆ ಕೇಳಿಸೀತು. ನ್ಯೂಟ್ರಿನೊ ಎಂಬ ಕಣವೊಂದಿದೆ. ಮ್ಯುಯಾನಿಗೆ ಬಂಡೆಯಾದರೂ ತಡೆ, ಇದಕ್ಕೆ ಇಡೀ ಭೂಮಿಯೇ ತಡೆಯಲ್ಲ. ಕೋಟ್ಯನುಕೋಟಿಯಲ್ಲಿ ಎಲ್ಲೋ ಒಂದು ಬಂಡೆಯ ಪರಮಾಣುವನ್ನು ತಾಗಿ ಮ್ಯುಯಾನನ್ನು ಹುಟ್ಟಿಸುತ್ತದೆ. ಮೇಲಿನಿಂದ ಬರುವ ಮ್ಯುಯಾನುಗಳು ನಿಂತುಹೋದ ಆಳದಲ್ಲಿ, ಅಡ್ಡಡ್ಡವಾಗಿ ಒಂದು ಮ್ಯುಯಾನು ಬಂದರೆ ಅದು ನ್ಯೂಟ್ರಿನೊದ ಕೂಸೇ ಸರಿ. ಈ ತರ್ಕವನ್ನು ನಂಬಿ 1964ರ ಕೊನೆಯಿಂದ ಚಾಂಪಿಯನ್ ರೀಫಿನಲ್ಲಿ, 2,300 ಮೀಟರ್ ಆಳದಲ್ಲಿ, ನಿಲುಗೋಡೆಗಳಂತೆ ಯಂತ್ರಗಳನ್ನು ಕಟ್ಟಿದರು. ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾನಿಲಯದವರೂ ಸೇರಿದರು. 1965ರಲ್ಲಿ ಅಡ್ಡ ಬಂದ ಮ್ಯುಯಾನು ಕಾಣಿಸಿತು. ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೊವನ್ನು ಮನುಷ್ಯರು ಗುರುತಿಸಿದ್ದು ಅದೇ ಮೊದಲು. ದಕ್ಷಿಣ ಆಫ್ರಿಕದ ಚಿನ್ನದ ಗಣಿಯಲ್ಲಿ ರೈನ್ಸ್ ಅವರ ತಂಡವೂ ಅದೇ ದಿನಗಳಲ್ಲಿ ಅದನ್ನೇ ಕಂಡಿತ್ತು. ಕೋಲಾರದವರ ಲೇಖನ ಪತ್ರಿಕೆಯ ಕಚೇರಿಗೆ ತಲುಪಿದ್ದು ಜುಲೈ 12ರಂದು. ಅವರದು ಜುಲೈ 26ರಂದು. ಅಂತರ ಎರಡು ವಾರ. ಮರುವರ್ಷ ಜನವರಿ 24ರಂದು ಮಾಂಟ್ ಬ್ಲಾಂಕ್ ಪರ್ವತದ ಮೇಲೆ ವಿಮಾನ ಅಪಘಾತದಲ್ಲಿ ಭಾಭಾ ತೀರಿಕೊಂಡರು. ತಾವು ತೊಡಗಿಸಿದ ಕೆಲಸ ಫಲಿಸಿದ್ದನ್ನು ನೋಡಿ ಹೋದರೆಂಬುದಷ್ಟೇ ಸಮಾಧಾನ.

ಮುಂದೆ 1980ರಿಂದ ಅದೇ ಗಣಿಯಲ್ಲಿ ಇನ್ನೂ ದೊಡ್ಡ ಕಾಯುವಿಕೆ ನಡೆಯಿತು. ಪ್ರೋಟಾನು ಅಮರವೇ, ಅದಕ್ಕೂ ಸಾವಿದೆಯೇ ಎಂದು ನೋಡಲು 140 ಟನ್ ತೂಕದ ಕಬ್ಬಿಣದ ವ್ಯೂಹವನ್ನು ಕಟ್ಟಿದರು. 1985ರಲ್ಲಿ ಇನ್ನೊಂದು, ಅದಕ್ಕಿಂತ ದೊಡ್ಡದು, ಎದ್ದಿತು. ನಮ್ಮ ಬೀದಿಯ ಹಿರಿಯರೊಬ್ಬರು ಆ ಗಣಿಯಲ್ಲಿ ದುಡಿದು, ಬಾಗಿಲು ಮುಚ್ಚಿದ ಮೇಲೆ ಊರು ಸೇರಿದವರು. ಆ ಎರಡನೆಯ ಕೋಣೆಗೆ ಕಬ್ಬಿಣ ಇಳಿಸಿದವರಲ್ಲಿ ಅವರೂ ಒಬ್ಬರು. “ಏನು ನೋಡ್ತಿದ್ರು ಅಲ್ಲಿ?” ಎಂದು ಒಮ್ಮೆ ಕೇಳಿದೆ. “ನಂಗೇನು ಗೊತ್ತು ಮೇಷ್ಟ್ರೇ? ಚೌಕದ ಕೊಳವೆ ಅಡಕಿದ್ರು. ಹಗಲೂ ರಾತ್ರಿ ಲೆಕ್ಕ ಬರೀತಿದ್ರು. ಬಂದದ್ದು ಕಾಣಲ್ಲ, ಹೋದದ್ದು ಕಾಣಲ್ಲ. ನಾವು ಕಲ್ಲು ಒಡೆದು ಚಿನ್ನ ಹುಡುಕ್ತಿದ್ವಿ, ಅವ್ರು ಕಲ್ಲು ಮುಟ್ಟದೆ ಇನ್ನೇನೋ ಹುಡುಕ್ತಿದ್ರು. ಇಬ್ಬರಿಗೂ ಬೆವರು ಮಾತ್ರ ಒಂದೇ,” ಎಂದರು. ಆ ಪ್ರಯೋಗದ ಚರಿತ್ರೆಯನ್ನು ಇದಕ್ಕಿಂತ ಕಡಮೆ ಮಾತಿನಲ್ಲಿ ಹೇಳುವುದು ನನ್ನಿಂದಾಗದು.

ಪ್ರೋಟಾನು ಸಾಯಲಿಲ್ಲ. ಸತ್ತಂತೆ ತೋರಿದ ಕೆಲವು ಗುರುತುಗಳನ್ನು ಅಮೆರಿಕ ಜಪಾನುಗಳ ಹೆಚ್ಚು ದೊಡ್ಡ ಯಂತ್ರಗಳು ಸಮರ್ಥಿಸಲಿಲ್ಲ. 1992ರಲ್ಲಿ ಕೋಲಾರದ ಪ್ರಯೋಗ ನಿಂತಿತು. 2001ರ ಫೆಬ್ರವರಿ 28ರಂದು ಗಣಿಯೇ ಮುಚ್ಚಿತು. ನೀರೆತ್ತುವ ಪಂಪುಗಳು ನಿಂತ ಮೇಲೆ ಆಳದ ಸುರಂಗಗಳಲ್ಲಿ ನೀರು ತುಂಬಿತು. ಜಪಾನಿನವರು ತಮ್ಮ ಕಾಮಿಯೊಕಾ ಗಣಿಯಲ್ಲಿ ಪಟ್ಟು ಬಿಡದೆ ಮುಂದುವರಿದರು. ವಾಯುಮಂಡಲದ ನ್ಯೂಟ್ರಿನೊಗಳು ದಾರಿಯಲ್ಲಿ ವೇಷ ಬದಲಾಯಿಸುತ್ತವೆಂದು 1998ರಲ್ಲಿ ತೋರಿಸಿದರು. 2015ರಲ್ಲಿ ಕಾಜಿತಾ ಅವರಿಗೆ ನೊಬೆಲ್ ಬಂದಿತು. ಅಸೂಯೆಯಿಂದ ಈ ಮಾತನ್ನು ಹೇಳುತ್ತಿಲ್ಲ. ಮೊದಲು ಬಾಗಿಲು ತಟ್ಟಿದ್ದು ನಮ್ಮ ಮನೆಯಲ್ಲಿ, ಬಾಗಿಲು ತೆರೆದದ್ದು ಬೇರೆಯವರ ಮನೆಯಲ್ಲಿ. ನಡುವೆ ನಮ್ಮ ಮನೆಯ ದೀಪ ಆರಿತ್ತು ಎಂಬುದನ್ನು ಮಾತ್ರ ಮರೆಯಬಾರದು.

ಈಗ ನೆನಪಿನಲ್ಲಿಟ್ಟುಕೊಳ್ಳಿರೆಂದ ಮೂರು ಸಂಗತಿಗಳಿಗೆ ಬರೋಣ. ಅಮೆರಿಕದ ಬ್ರೂಕ್‌ಹೇವನ್ ಎಂಬಲ್ಲಿ 2000ದಲ್ಲಿ ಒಂದು ದೊಡ್ಡ ಯಂತ್ರ ಕೆಲಸ ಆರಂಭಿಸಿತು. ಸುಮಾರು ನಾಲ್ಕು ಕಿಲೋಮೀಟರ್ ಸುತ್ತಳತೆಯ ಎರಡು ಉಂಗುರಗಳಲ್ಲಿ ಚಿನ್ನದ ಪರಮಾಣು ಬೀಜಗಳನ್ನು ಎದುರುಬದುರಾಗಿ, ಬೆಳಕಿನ ವೇಗದ ನೂರಕ್ಕೆ 99.99 ಪಾಲಿಗೂ ಮಿಕ್ಕಿ ಓಡಿಸಿದರು. ಉದ್ದೇಶ ಅವನ್ನು ಡಿಕ್ಕಿ ಹೊಡೆಸುವುದು. ಆದರೆ ಎಷ್ಟೋ ಸಲ ಅವು ಡಿಕ್ಕಿ ಹೊಡೆಯದೆ ಪಕ್ಕದಲ್ಲಿ ಹಾದುಹೋಗುತ್ತಿದ್ದವು. ಮಾಲೂರಿನ ರಸ್ತೆಯಲ್ಲಿ ಎದುರುಬದುರು ಬಂದ ಎರಡು ಹುಲ್ಲಿನ ಲಾರಿಗಳು ಒಂದನ್ನೊಂದು ಮುಟ್ಟದೆ ರಭಸದಿಂದ ಹಾದುಹೋದದ್ದನ್ನು ನೋಡಿದ್ದೀರಷ್ಟೆ? ಲಾರಿ ತಾಗಲಿಲ್ಲ, ಆದರೂ ನಡುವಿನ ಗಾಳಿ ಹೊಡೆದು ಒಂದರ ಹುಲ್ಲು ಹಾರುತ್ತದೆ. ಚಿನ್ನದ ಬೀಜದ ಸುತ್ತ 79 ಪ್ರೋಟಾನುಗಳ ವಿದ್ಯುತ್ಕ್ಷೇತ್ರವಿದೆ. ಮಹಾವೇಗದಲ್ಲಿ ಆ ಕ್ಷೇತ್ರ ರೊಟ್ಟಿಯಂತೆ ತಟ್ಟನೆ ಚಪ್ಪಟೆಯಾಗಿ, ಬೆಳಕಿನ ಕಣಗಳ ಒಂದು ದಟ್ಟ ಗುಂಪಿನಂತೆ ವರ್ತಿಸುತ್ತದೆ. ಫರ್ಮಿ ಅವರು 1924ರಲ್ಲಿ ಸೂಚಿಸಿ, ವೈಟ್ಸೆಕರ್ ಮತ್ತು ವಿಲಿಯಮ್ಸ್ ಅವರು 1934–35ರಲ್ಲಿ ಬೆಳೆಸಿದ ವಿಚಾರವಿದು. ತಾಗದೆ ಹೋಗುವ ಕಣಗಳ ನಡುವೆ ಜೋಡಿಗಳು ಹುಟ್ಟುತ್ತವೆ ಎಂದು ಭಾಭಾ ಅವರು 1935ರಲ್ಲಿ ಮಾಡಿದ ಗಣಿತವೂ ಇದೇ ವಂಶದ್ದು.

ಒಂದು ಬೀಜದ ಬೆಳಕು ಇನ್ನೊಂದು ಬೀಜವನ್ನು ಹೊಕ್ಕಾಗ ಅದ್ಭುತವೊಂದು ನಡೆಯುತ್ತದೆ. ಫೋಟಾನೂ ವೆಕ್ಟರ್ ಮೆಸಾನೂ ಭ್ರಮಣದಲ್ಲಿ, ಇತರ ಗುಣಗಳಲ್ಲಿ ಒಂದೇ ಕುಲ. ಆದ್ದರಿಂದ ಫೋಟಾನು ಅರೆಕ್ಷಣ ಮೆಸಾನಿನ ವೇಷ ತೊಟ್ಟು ಬೀಜದ ಮೂಲಕ ಹಾಯುತ್ತದೆ. ಹೊರಬರುವಾಗ ವೇಷ ನಿಜವಾಗಿ ರೋ ಮೆಸಾನಾಗಿಯೇ ಬರುತ್ತದೆ. ಅದೂ ಹುಟ್ಟಿದೊಡನೆ ಒಡೆದು ಎರಡು ಪೈ ಮೆಸಾನುಗಳಾಗುತ್ತದೆ. ನೇರ ಡಿಕ್ಕಿಯಲ್ಲಿ ಸಾವಿರಾರು ಕಣಗಳು ಚಿಮ್ಮಿ ಯಂತ್ರದ ತುಂಬ ಗೆರೆಗಳ ಜಾತ್ರೆ. ಇಲ್ಲಾದರೋ ಬರಿಯ ಬಯಲಿನಲ್ಲಿ ಎರಡೇ ಗೆರೆಗಳು. ಬ್ರೂಕ್‌ಹೇವನ್ನಿನ ‘ಸ್ಟಾರ್’ ತಂಡ 2002ರಲ್ಲಿ ಇದನ್ನು ಮೊದಲು ಪ್ರಕಟಿಸಿತು. ಎರಡು ಬೀಜಗಳಲ್ಲಿ ಬೆಳಕು ಯಾವುದರಿಂದ ಹೊರಟಿತು, ಮೆಸಾನು ಯಾವುದರಲ್ಲಿ ಹುಟ್ಟಿತು ಎಂದು ಹೇಳಲು ಬಾರದು. ಆದ್ದರಿಂದ ಎರಡು ಕಲ್ಲೆಸೆದ ಕೆರೆಯ ಅಲೆಗಳಂತೆ ಎರಡು ಸಾಧ್ಯತೆಗಳೂ ಒಂದರಲ್ಲೊಂದು ಬೆರೆಯುತ್ತವೆ. ಆ ಅಲೆಗಳ ಬೆರಕೆಯನ್ನು ಓದಿಯೇ 2023ರಲ್ಲಿ ಅದೇ ತಂಡ ಚಿನ್ನದ ಬೀಜದ ಒಳವಿಸ್ತಾರವನ್ನು ಅಳೆಯಿತು. ಯೂರೋಪಿನ ಜಿನೀವಾ ಬಳಿಯ 27 ಕಿಲೋಮೀಟರಿನ ಯಂತ್ರದಲ್ಲಿ ‘ಆಲಿಸ್’ ತಂಡ ಸೀಸದ ಬೀಜಗಳಿಂದ ಜೆ-ಸೈ ಎಂಬ ಇನ್ನೊಂದು ವೆಕ್ಟರ್ ಮೆಸಾನನ್ನು ಹೀಗೆಯೇ ಪಡೆದು, ಬೀಜಕ್ಕೆ ಅಂಟಿನಂತಿರುವ ಗ್ಲುವಾನುಗಳು ಒಂದರ ನೆರಳಿನಲ್ಲೊಂದು ಅಡಗಿ ಎಣಿಕೆಗೆ ಕಡಮೆ ಸಿಗುತ್ತವೆಂಬುದಕ್ಕೆ ಸಾಕ್ಷ್ಯ ಒದಗಿಸಿತು. ಈ ಎರಡು ತಂಡಗಳಲ್ಲಿಯೂ ಕೊಲ್ಕತ್ತದ ಮತ್ತು ದೇಶದ ಬೇರೆ ಕಡೆಯ ಭಾರತೀಯರು ಕಟ್ಟಿದ ಯಂತ್ರಭಾಗಗಳಿದ್ದವು.

ಹೀಗೆ ಭಾಭಾ ಅವರ ಮೂರು ಎಳೆಗಳೂ ಒಂದು ಗಂಟಾದವು. ತಾಗದ ಹಾಯುವಿಕೆ, ವೆಕ್ಟರ್ ಮೆಸಾನ್, ಅದನ್ನು ಕರೆಯುವ ಹೆಸರು: ಮೂರೂ 1935ರಿಂದ 1939ರವರೆಗೆ ಅವರ ಲೇಖನಿಯಿಂದ ಬಂದವು. ಮೆಸಾನಿನ ಆಯುಷ್ಯದ ಮಾತಂತೂ ಕೋಲಾರಕ್ಕೇ ಸೇರಿತು. ಓಟದಿಂದ ಆಯುಸ್ಸು ಹೆಚ್ಚದಿದ್ದರೆ ಹದಿನೈದು ಕಿಲೋಮೀಟರ್ ಮೇಲೆ ಹುಟ್ಟಿದ ಮ್ಯುಯಾನುಗಳಲ್ಲಿ ಹೆಚ್ಚಿನವು ಒಂದು ಕಿಲೋಮೀಟರೂ ಇಳಿಯದೆ ಸಾಯಬೇಕಾಗಿತ್ತು.

ಚಿನ್ನದ ಮಾತೊಂದು ಉಳಿದಿದೆ. ಸೀಸವನ್ನು ಚಿನ್ನ ಮಾಡುವುದು ರಸವಾದಿಗಳ ಹಳೆಯ ಕನಸು. ಸೀಸದ ಬೀಜದಲ್ಲಿ 82 ಪ್ರೋಟಾನುಗಳು. ಮೂರು ಕಳೆದರೆ 79, ಅದೇ ಚಿನ್ನ. ಜಿನೀವಾದಲ್ಲಿ ಸೀಸದ ಬೀಜಗಳು ತಾಗದೆ ಹಾದುಹೋಗುವಾಗ ಒಂದರ ಬೆಳಕು ಇನ್ನೊಂದನ್ನು ಅಲುಗಿಸಿ ಮೂರು ಪ್ರೋಟಾನುಗಳನ್ನು ಉದುರಿಸುತ್ತದೆಂದು ಆಲಿಸ್ ತಂಡ 2025ರಲ್ಲಿ ತಿಳಿಸಿತು. 2015ರಿಂದ 2018ರವರೆಗೆ ಹೀಗೆ ಹುಟ್ಟಿದ ಚಿನ್ನದ ಬೀಜಗಳು ಸುಮಾರು 8,600 ಕೋಟಿ. ತೂಕ? ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿ ಅದರಲ್ಲಿ 29 ಪಾಲು. ಅದೂ ಕ್ಷಣಕಾಲದಲ್ಲಿ ಕೊಳವೆಯ ಗೋಡೆಗೆ ಬಡಿದು ಚೂರಾಯಿತು. ನಮ್ಮ ಕೋಲಾರ 120 ವರ್ಷಗಳಲ್ಲಿ ಕೊಟ್ಟ ಚಿನ್ನ ಸುಮಾರು 800 ಟನ್.

ತಕ್ಕಡಿಯಲ್ಲಿಟ್ಟರೆ ಕೋಲಾರವೇ ಗೆದ್ದಿತು. ಆದರೆ ಆ 800 ಟನ್ ಈಗ ಎಲ್ಲಿದೆ? ಯಾರ ಕೊರಳಲ್ಲಿ, ಯಾವ ದೇಶದ ಖಜಾನೆಯಲ್ಲಿ ಇದೆಯೆಂದು ಗಣಿಯ ಮಕ್ಕಳಿಗೆ ಹೇಳಲು ಬಾರದು. ಅವರಿಗೆ ಉಳಿದದ್ದು ಸೈನೈಡ್ ದಿಬ್ಬಗಳು ಮತ್ತು ನೀರು ತುಂಬಿದ ಶಾಫ್ಟುಗಳು. ಅದೇ ಗಣಿಯಿಂದ ಎತ್ತಿದ ಇನ್ನೊಂದು ಸಂಪತ್ತು, 1965ರ ಆ ಅಡ್ಡಗೆರೆಗಳು, ಇಂದಿಗೂ ಸವೆದಿಲ್ಲ. ನ್ಯೂಟ್ರಿನೊವಿನ ಚರಿತ್ರೆ ಬರೆಯುವವರು ಯಾವ ದೇಶದವರಾದರೂ ಕೋಲಾರವನ್ನು ದಾಟಿ ಹೋಗುವಂತಿಲ್ಲ. ದಾಟಿ ಹೋಗಬಲ್ಲವರು ನಾವು ಮಾತ್ರ. ನಾನು ಓದಿದ ಪಠ್ಯಗಳಲ್ಲಿ ಕೋಲಾರವೆಂದರೆ ಚಿನ್ನ, ಅಲ್ಲಿಗೆ ಮುಗಿಯಿತು. 1918ರಲ್ಲೇ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ ಕನ್ನಡದಲ್ಲಿ ‘ವಿಜ್ಞಾನ’ ಎಂಬ ಮಾಸಪತ್ರಿಕೆಯನ್ನು ತೆಗೆದ ನಾಡಿದು. ಆ ಹಿರಿಯರ ಉತ್ಸಾಹ ನಮ್ಮಲ್ಲಿ ಉಳಿದಿದ್ದರೆ ನಂಜನಗೂಡಿನ ಶ್ರೀಕಂಠನ್ ಅವರ ಹೆಸರು ನಮ್ಮ ಹೈಸ್ಕೂಲು ಮಕ್ಕಳ ಬಾಯಲ್ಲಿರುತ್ತಿತ್ತು.

ತುರು ಕಾಯುತ್ತ ಮಡಿದವನಿಗೂ ನಮ್ಮವರು ಒಂದು ವೀರಗಲ್ಲು ನೆಟ್ಟರು. ಕೆರೆ ಕಟ್ಟಿಸಿದವನಿಗೆ ಶಾಸನ ಹಾಕಿದರು. ಯಾರು, ಯಾವಾಗ, ಏನು ಮಾಡಿದರು ಎಂಬ ಮೂರು ಮಾತು ಕಲ್ಲಿನಲ್ಲಿದ್ದರೆ ಸಾವಿರ ವರ್ಷದ ಮೇಲೆ ಬಂದವನೂ ಓದಿಕೊಳ್ಳುತ್ತಾನೆ. ಅಂಥ ಒಂದು ಕಲ್ಲು ಚಾಂಪಿಯನ್ ರೀಫಿನಲ್ಲಿ ಎದ್ದು ನಿಲ್ಲಲಿ. ಕನ್ನಡದಲ್ಲಿಯೂ, ಆ ಸುರಂಗವನ್ನು ತೋಡಿದವರ ತಮಿಳು ತೆಲುಗುಗಳಲ್ಲಿಯೂ ಅದನ್ನು ಬರೆಯಲಿ. ಎಣಿಸಿದ ಪಂಡಿತರ ಹೆಸರುಗಳ ಕೆಳಗೆ ಕೇಜು ಇಳಿಸಿದವರಿಗೆ, ಕಬ್ಬಿಣ ಹೊತ್ತವರಿಗೆ ಒಂದು ಸಾಲು ಇರಲಿ. ಚಿನ್ನ ತೀರಿತೆಂದು ಗಣಿಯ ಬಾಗಿಲನ್ನು ಮುಚ್ಚಿದೆವು. ಅದು ಲೆಕ್ಕಾಚಾರದ ಮಾತು. ಅದರ ಜೊತೆಗೆ ನೆನಪನ್ನೂ ಮುಳುಗಲು ಬಿಟ್ಟರೆ ಆ ನಷ್ಟ ಯಾವ ಲೆಕ್ಕದ ಪುಸ್ತಕಕ್ಕೂ ಸಿಗುವುದಿಲ್ಲ.